ಹ್ಯಾಮಿಲ್ಟನ್‌ಗೆ ಬರ್ತಿದ್ದೀರಾ? ಮನೆ ಮೇಲೋ ಕೆಳಗೋ ಹೇಳಿ

ಟೊರೊಂಟೊ ಬಾಡಿಗೆಗೆ ಹೆದರಿ ನಮ್ಮವರು ಈಗ ಹ್ಯಾಮಿಲ್ಟನ್ ಕಡೆ ಮುಖ ಮಾಡುತ್ತಿದ್ದಾರೆ. ಬನ್ನಿ, ಸಂತೋಷ. ಆದರೆ ಮ್ಯಾಪಿನ ಮೇಲೆ ಬೆರಳಿಟ್ಟು 'ಮೂರೇ ಕಿಲೋಮೀಟರ್, ನಡೆದೇ ಹೋಗ್ತೀನಿ' ಅಂತ ಮಾತ್ರ ಮನೆ ಹಿಡಿಯಬೇಡಿ.

ನಯಾಗರ ಎಸ್ಕಾರ್ಪ್‌ಮೆಂಟ್ ಅನ್ನುವ ಕಲ್ಲಿನ ಗೋಡೆ ಈ ಊರನ್ನು ಎರಡಾಗಿ ಸೀಳಿದೆ. ಎತ್ತರ ಸುಮಾರು 100 ಮೀಟರ್. ಇಲ್ಲಿನವರು ಇದನ್ನೇ ಮೌಂಟನ್ ಅಂತಾರೆ. ಮಲೆನಾಡಿನವರಿಗೆ ನಗು ಬರುತ್ತೆ. ಜನವರಿಯಲ್ಲಿ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಅದರ ಕಬ್ಬಿಣದ ಮೆಟ್ಟಿಲು ಹತ್ತಿ ನೋಡಿ, ನಗು ತಾನೇ ನಿಲ್ಲುತ್ತೆ. ಕಾರು, ಬಸ್ಸು ಮೇಲೇರಲು ಕ್ಲೇರ್‌ಮಾಂಟ್, ಜಾಲಿ ಕಟ್, ಶೆರ್ಮನ್ ಹೀಗೆ ಕೆಲವೇ ದಾರಿ. ಒಂದು ಮುಚ್ಚಿದರೆ ಎಲ್ಲರೂ ಇನ್ನೊಂದಕ್ಕೆ ನುಗ್ಗುತ್ತಾರೆ. ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿ ಇರುವುದು ಕೆಳಗೆ, ಅಲ್ಲಿ ಓದಲು ಬರುವವರು ಕೆಳಗೇ ಇರಿ. ಮೇಲೆ ಬಾಡಿಗೆ ಕಮ್ಮಿ ಸಿಕ್ಕಿತು ಅಂತ ಹೋದರೆ, ಉಳಿದದ್ದೆಲ್ಲ ಬಸ್ ಕಾಯುವುದರಲ್ಲೇ ಕಳೆಯುತ್ತೆ.

ಬಸ್ಸಿನ ಹೆಸರು ಎಚ್‌ಎಸ್‌ಆರ್. ಬೆಂಗಳೂರಿನವರೇ, ಲೇಔಟ್ ಅಲ್ಲ, ಹ್ಯಾಮಿಲ್ಟನ್ ಸ್ಟ್ರೀಟ್ ರೈಲ್ವೆ! ಟ್ರಾಮ್ ಓಡಿಸುವುದು 1951ರಲ್ಲೇ ನಿಂತರೂ ಹೆಸರು ಬಿಟ್ಟಿಲ್ಲ. ಟಿಕೆಟ್ ಬದಲು ತೋರಿಸುವ ಪ್ರೆಸ್ಟೋ ಕಾರ್ಡನ್ನು ನೀವು ಬಂದ ವಾರವೇ ಮಾಡಿಸಿಕೊಳ್ಳಿ.

ಟೊರೊಂಟೊಗೆ ಗೋ (GO) ಅನ್ನುವ ಲೋಕಲ್ ರೈಲಿದೆ. ಸ್ಟೇಷನ್ ಎರಡು, ಇಲ್ಲೇ ಹೊಸಬರು ಎಡವುವುದು. ಹಂಟರ್ ಸ್ಟ್ರೀಟಿನ ಹಳೇ ಚೆಂದದ ಸ್ಟೇಷನ್ನಿನಿಂದ ರೈಲು ಹೊರಡುವುದು ಕೆಲಸದ ದಿನ, ಅದೂ ಆಫೀಸಿನ ಹೊತ್ತಿಗೆ. ಉಳಿದಂತೆ ಅಲ್ಲಿ ಬಸ್ಸೇ. ಭಾನುವಾರ ರೈಲು ಬೇಕಾದರೆ 2015ರಲ್ಲಿ ಶುರುವಾದ ವೆಸ್ಟ್ ಹಾರ್ಬರ್‌ಗೆ ಹೋಗಿ. ಕಾರಿದ್ದವರು ಬರ್ಲಿಂಗ್ಟನ್ನಿನ ಆಲ್ಡರ್‌ಶಾಟ್‌ನಲ್ಲಿ ನಿಲ್ಲಿಸಿ ಹತ್ತುವುದೂ ಉಂಟು.

ಇನ್ನು ದಿಕ್ಕು. ಟೊರೊಂಟೊದಲ್ಲಿ ಒಂಟಾರಿಯೊ ಸರೋವರ ದಕ್ಷಿಣಕ್ಕೆ, ಇಲ್ಲಿ ಉತ್ತರಕ್ಕೆ. ಅಲ್ಲಿಂದ ಬಂದವರಿಗೆ ತಲೆ ತಿರುಗುತ್ತೆ. ಊರಲ್ಲಿ ಅಮ್ಮ 'ಪಡುವಣ ಗೋಡೆ ಪಕ್ಕ ಇಡು' ಅಂದರೆ ನಾವು ಯೋಚಿಸದೆ ಇಡುತ್ತಿದ್ದೆವು. ಇಲ್ಲಿ ಹುಟ್ಟಿದ ನನ್ನ ಮಗಳು ದಿಕ್ಕಿಗೆ ಸೂರ್ಯನನ್ನು ನೋಡುವುದೇ ಇಲ್ಲ, ಮೌಂಟನ್ ಯಾವ ಕಡೆ ಅಂತ ನೋಡುತ್ತಾಳೆ. ಒಮ್ಮೆಯೂ ದಾರಿ ತಪ್ಪಿಲ್ಲ. ಅವಳಿಗೆ ಇದು ಊರು, ನನಗೆ ಇನ್ನೂ ವಿಳಾಸ.

ಸರೋವರ ಅಂದ ಕೂಡಲೇ ಕಿಟಕಿಯಿಂದ ನೀರು ಕಾಣುತ್ತೆ ಅಂದುಕೊಳ್ಳಬೇಡಿ. ಊರಿನ ಮುಂದಿರುವುದು ಸರೋವರದ ಕೊಲ್ಲಿ, ಊರ ಕಡೆಯ ಅದರ ದಡದ ಬಹುಪಾಲು ಉಕ್ಕಿನ ಕಾರ್ಖಾನೆ, ಬಂದರು. ಸಂಜೆ ತಿರುಗಾಡಲು ಬೇಫ್ರಂಟ್ ಪಾರ್ಕ್ ಇದೆ. ಕೊಲ್ಲಿಗೂ ಸರೋವರಕ್ಕೂ ನಡುವಿನ ಮರಳು ದಿಣ್ಣೆಯ ಮೇಲೆ, ಎತ್ತರದಲ್ಲಿ, 1958ರ ಸ್ಕೈವೇ ಸೇತುವೆ. ಗಾಳಿ ಜೋರಾದರೆ ಅದನ್ನು ಮುಚ್ಚುತ್ತಾರೆ. ಕನ್ನಡದ ಕಾರ್ಯಕ್ರಮಗಳು ಹೆಚ್ಚಾಗಿ ಮಿಸಿಸಾಗ, ಬ್ರಾಂಪ್ಟನ್ ಕಡೆ. ಅಷ್ಟು ದೂರ ಯಾರು ಹೋಗ್ತಾರೆ ಅಂತ ಒಂದು ವರ್ಷ ತಪ್ಪಿಸಿದರೆ, ಮುಂದಿನ ವರ್ಷ ಮಕ್ಕಳೇ ಬರುವುದಿಲ್ಲ ಅಂತಾರೆ. ಸುಮ್ನೆ ಹೊರಡಿಸಿಕೊಂಡು ಹೋಗಿ.

ಅಪ್ಪ ಅಮ್ಮ ಬರುವಾಗ 'ಹ್ಯಾಮಿಲ್ಟನ್ನಿಗೂ ಏರ್‌ಪೋರ್ಟ್ ಇದೆಯಲ್ಲ' ಅಂತ ಟಿಕೆಟ್ ಹುಡುಕಬೇಡಿ. ಅವರು ಇಳಿಯುವುದು ಟೊರೊಂಟೊ ಏರ್‌ಪೋರ್ಟ್ ಪಿಯರ್ಸನ್‌ನಲ್ಲೇ. ಅಲ್ಲಿಂದ 40ನೇ ನಂಬರಿನ ಗೋ ಬಸ್ ಹಂಟರ್ ಸ್ಟ್ರೀಟಿಗೆ ಬರುತ್ತೆ. ಆದರೂ ಉಪ್ಪಿನಕಾಯಿ ತುಂಬಿದ ಸೂಟ್‌ಕೇಸು ಇರುತ್ತೆ ಅಲ್ವಾ, ಕಾರಿರುವ ಸ್ನೇಹಿತರನ್ನು ಮೊದಲೇ ಕೇಳಿಡಿ.