ಯಾರೋ ಬಿಟ್ಟುಹೋದ ಕೋಳಿ ನಿಮ್ಮ ಕೈಗೆ ಬಂದರೆ

ಪಕ್ಕದ ಮನೆಯವರು ಸಾಮಾನು ಕಟ್ಟಿಕೊಂಡು ಹೋಗಿ ಮೂರು ದಿನ ಆಗಿತ್ತು. ಅವರ ಹಿತ್ತಲಲ್ಲಿ ಏನೋ ಕೆರೆಯುವ ಸದ್ದು. ಗೋಡೆ ಮೇಲಿಂದ ಇಣುಕಿದರೆ ನಾಲ್ಕು ಹೇಂಟೆ, ಕಟ್ಟಿಹಾಕಿದ ಒಂದು ನಾಯಿ. ನೀರಿನ ಬಟ್ಟಲಲ್ಲಿ ಪಾಚಿ ಒಣಗಿ ಅಂಟಿಕೊಂಡಿತ್ತು. ಗೂಡಿಗೆ ತಲೆ ಹಾಕಿದರೆ ಕಣ್ಣುರಿಯುವಷ್ಟು ಘಾಟು. ಮೊದಲು ಕೈಗೆ ಸಿಕ್ಕ ಕೋಳಿ ಎಷ್ಟು ಹಗುರ ಅಂದರೆ, ಬರೀ ಪುಕ್ಕವನ್ನೇ ಎತ್ತಿಕೊಂಡ ಹಾಗಿತ್ತು.

ಇಂಥ ಹೊತ್ತಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಔಷಧಿ. ಯಾವ ಮಾತ್ರೆ, ಯಾವ ಟಾನಿಕ್ ಅಂತ. ಅದನ್ನು ಆಮೇಲೆ ನೋಡೋಣ. ಮೊದಲ ವಾರ ಪ್ರಾಣಿಯನ್ನು ಉಳಿಸುವುದು ನೀರು, ಬೆಚ್ಚಗಿನ ಜಾಗ, ಮತ್ತೆ ನಿಮ್ಮ ಕೈ. ಕೋಳಿ ವಿಷಯದಲ್ಲಂತೂ ಕಣ್ಣಿಗೆ ಕಾಣುವುದಕ್ಕಿಂತ ಕೈಗೆ ತಿಳಿಯುವುದೇ ಜಾಸ್ತಿ.

ಹಸಿದಿದೆ ಅಂತ ತಟ್ಟೆ ತುಂಬಿಸಬೇಡಿ

ಆ ನಾಯಿಗೆ ನಾನು ಮಾಡಿದ್ದು ಅದನ್ನೇ. ಪಾಪ ಅನ್ನಿಸಿ ಹೊಟ್ಟೆ ತುಂಬ ಹಾಕಿದೆ. ರಾತ್ರಿಯಿಡೀ ವಾಂತಿ, ಭೇದಿ. ಅಷ್ಟಕ್ಕೇ ಮುಗಿದದ್ದು ಪುಣ್ಯ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ತಿನಿಸು ಹೋದರೆ ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಸರ್ರನೆ ಇಳಿದುಬಿಡುತ್ತವೆ. ಹೃದಯದ ಬಡಿತವೇ ತಪ್ಪಬಹುದು. ತಿನ್ನಲು ಶುರುಮಾಡಿದ ಮೊದಲ ಕೆಲವು ದಿನ ಈ ಅಪಾಯ ಹೆಚ್ಚು.

ಹಾಗಾಗಿ ಮೊದಲು ನೀರು, ಅದೂ ಸ್ವಲ್ಪ ಸ್ವಲ್ಪ. ತಿನಿಸನ್ನು ಮಾಮೂಲಿ ಅಳತೆಯ ಕಾಲು ಭಾಗದಿಂದ ಶುರುಮಾಡಿ. ಅದನ್ನೇ ನಾಲ್ಕು, ಐದು ಸಲ ಹಂಚಿ ಕೊಡಿ. ಪೂರ್ತಿ ಅಳತೆಗೆ ಬರಲು ಒಂದು ವಾರ, ಹತ್ತು ದಿನ ಹಿಡಿಯಲಿ. ಎದ್ದು ನಿಲ್ಲಲಾರದಷ್ಟು ಸೊರಗಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಪಶುವೈದ್ಯರ ಹತ್ತಿರ ಹೋಗಿ.

ಬೆಕ್ಕಿನ ಕಥೆ ಬೇರೆ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ (ಲಿವರ್) ಹೋಗಿ ತುಂಬಿಕೊಳ್ಳುತ್ತದೆ. ದಪ್ಪ ಬೆಕ್ಕಿಗೆ ಇದು ಇನ್ನೂ ಬೇಗ ಆಗುತ್ತದೆ. ತಟ್ಟೆ ಮುಂದಿಟ್ಟರೂ ಮುಖ ತಿರುಗಿಸುವ ಬೆಕ್ಕನ್ನು ‘ಮುನಿಸು, ಸರಿಹೋಗುತ್ತೆ’ ಅಂತ ಸುಮ್ನೆ ಬಿಡಬೇಡಿ.

ನಮ್ಮ ನಾಯಿಯ ಕತ್ತುಪಟ್ಟಿ ಚರ್ಮದೊಳಗೆ ಇಳಿದಿತ್ತು. ಹೊರಗಿನಿಂದ ನೋಡಿದರೆ ಬರೀ ಕೂದಲು. ಬೆರಳು ಹಾಕಿ ಸುತ್ತ ಸವರಿದಾಗ ಒಂದು ಕಡೆ ಒದ್ದೆ ಒದ್ದೆ ಅನ್ನಿಸಿತು, ವಾಸನೆ ಬಂತು. ಹೀಗಿದ್ದರೆ ಎಳೆದು ಬಿಚ್ಚಲು ಹೋಗಬೇಡಿ. ವೈದ್ಯರೇ ಅರಿವಳಿಕೆ ಕೊಟ್ಟು ತೆಗೆಯಬೇಕು. ಗಂಟುಗಟ್ಟಿದ ಕೂದಲಿಗೆ ಕತ್ತರಿ ಹಾಕುವುದೂ ಬೇಡ. ಗಂಟಿನ ಜೊತೆ ಚರ್ಮವೂ ಮೇಲಕ್ಕೆದ್ದಿರುತ್ತದೆ, ಅದೇ ಕತ್ತರಿಗೆ ಸಿಗುತ್ತದೆ.

ಇನ್ನೊಂದು ಮಾತು. ನಿಮ್ಮ ನೋವಿನ ಮಾತ್ರೆ ಪ್ರಾಣಿಗೆ ಬೇಡ. ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡ ಹಾಳುಮಾಡುತ್ತದೆ.

ಮೂವತ್ತು ದಿನ ಬೇರೆ

ಈಗ ಕೋಳಿಗೆ ಬರೋಣ. ನಿಮ್ಮಲ್ಲಿ ಮೊದಲೇ ಕೋಳಿಗಳಿದ್ದರೆ ಹೊಸದನ್ನು 30 ದಿನ ಬೇರೆ ಇಡಿ. ಜಾಗ ದೂರವಿದ್ದಷ್ಟೂ ಒಳ್ಳೆಯದು. ದಿನಾ ಮೊದಲು ಹಳೆಯ ಕೋಳಿಗಳ ಕೆಲಸ ಮುಗಿಸಿ, ಕೊನೆಗೆ ಹೊಸದರ ಹತ್ತಿರ ಹೋಗಿ. ಚಪ್ಪಲಿ ಬೇರೆ, ಬಟ್ಟಲು ಬೇರೆ. ಆರೋಗ್ಯವಾಗಿದೆಯಲ್ಲ ಅನ್ನಬೇಡಿ. ಗೊರಗೊರ ಉಸಿರಿನ ರೋಗ ತರುವ ಮೈಕೋಪ್ಲಾಸ್ಮಾ ಅನ್ನುವ ಸೂಕ್ಷ್ಮಾಣು, ವಾಸಿಯಾದ ಕೋಳಿಯ ಮೈಯಲ್ಲೂ ಬದುಕಿಡೀ ಉಳಿದು ಬೇರೆಯವಕ್ಕೆ ಹಬ್ಬುತ್ತಿರುತ್ತದೆ.

ಸೊರಗಿದ ಕೋಳಿಗೆ ಒಂದು ದೊಡ್ಡ ರಟ್ಟಿನ ಡಬ್ಬ ಸಾಕು. ಕೆಳಗೆ ಹಳೆ ಟವೆಲ್, ಮೇಲೆ ಅರ್ಧ ಮುಚ್ಚುವ ಬಟ್ಟೆ. ಗಾಳಿ ಆಡಬೇಕು, ಆದರೆ ನೇರ ಹೊಡೆಯಬಾರದು. ಒಳಗೆ 27ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೈ ಬೆಚ್ಚಗಿಡಲು ಕೋಳಿ ತನ್ನ ಶಕ್ತಿ ಸುಡಬೇಕಾಗಿಲ್ಲ. ಅಂದ ಹಾಗೆ, ಮುಟ್ಟಿದರೆ ಬಿಸಿ ಇದೆ, ಜ್ವರ ಇರಬೇಕು ಅಂತ ಗಾಬರಿ ಬೀಳಬೇಡಿ. ಕೋಳಿಯ ಮೈಬಿಸಿಯೇ 41ರಿಂದ 42 ಡಿಗ್ರಿ.

ನೀರನ್ನು ಕೊಕ್ಕು ತೆರೆದು ಹೊಯ್ಯಬೇಡಿ. ಉಸಿರು ಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ಸೀದಾ ಅಲ್ಲಿಗೇ ಹೋಗಬಹುದು. ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ತಾಗಿಸಿ. ಅದೇ ಚಪ್ಪರಿಸಿ ನುಂಗುತ್ತದೆ.

ರಾತ್ರಿ, ಟಾರ್ಚು, ಮಡಿಲು

ಕೋಳಿ ರೋಗ ಬಚ್ಚಿಡುತ್ತದೆ. ಗುಂಪಿನಲ್ಲಿ ಬಡವಾಗಿ ಕಂಡರೆ ಉಳಿದವು ಕುಕ್ಕುತ್ತವೆ, ಬೇಟೆಯಾಡುವ ಪ್ರಾಣಿಯ ಕಣ್ಣಿಗೂ ಮೊದಲು ಬೀಳುತ್ತದೆ. ಅದಕ್ಕೇ ಆದಷ್ಟು ದಿನ ಎಲ್ಲರ ಜೊತೆ ಕೆರೆಯುತ್ತ, ಕುಕ್ಕಿದಂತೆ ನಟಿಸುತ್ತ ಇರುತ್ತದೆ. ನಿಮಗೆ ‘ಮಂಕಾಗಿದೆ’ ಅಂತ ಕಾಣುವ ಹೊತ್ತಿಗೆ ಎಷ್ಟೋ ದಿನ ಕಳೆದಿರುತ್ತದೆ. ಹಗಲಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿಯುವುದಕ್ಕಿಂತ ರಾತ್ರಿ ಅಡ್ಡಕೋಲಿನ ಮೇಲೆ ಕೂತಿರುವಾಗ ಮೆಲ್ಲಗೆ ಎತ್ತಿಕೊಳ್ಳಿ. ರೆಕ್ಕೆ ಸೇರಿಸಿ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳಿ.

ಮೊದಲು ಎದೆ. ನಡುವಿನ ಉದ್ದ ಮೂಳೆಯ ಮೇಲೆ ಬೆರಳು ಓಡಿಸಿ. ಎರಡೂ ಕಡೆ ಮಾಂಸ ದುಂಡಗೆ ತುಂಬಿದ್ದರೆ ಸರಿ. ಮೂಳೆ ಚಾಕುವಿನ ಅಂಚಿನಂತೆ ತಾಗಿದರೆ ಕೋಳಿ ವಾರಗಟ್ಟಲೆ ಸೊರಗಿದೆ ಅಂತ ಅರ್ಥ. ಪುಕ್ಕ ಉಬ್ಬಿಸಿಕೊಂಡ ಕೋಳಿ ದೂರದಿಂದ ಗುಂಡುಗುಂಡಗೇ ಕಾಣುತ್ತದೆ, ಮೋಸ ಹೋಗಬೇಡಿ.

ಆಮೇಲೆ ಕತ್ತಿನ ಬುಡದಲ್ಲಿ, ಕೋಳಿಯ ಬಲಭಾಗಕ್ಕೆ ಇರುವ ತಿನಿಸಿನ ಚೀಲ. ರಾತ್ರಿ ಅದು ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಇದೊಂದನ್ನು ರೂಢಿ ಮಾಡಿಕೊಂಡರೆ ಅರ್ಧ ವೈದ್ಯರಾದಂತೆ. ಬೆಳಿಗ್ಗೆಯೂ ಗಟ್ಟಿ ಚೆಂಡಿನಂತಿದ್ದರೆ ನಾರು, ಉದ್ದ ಹುಲ್ಲು ಸಿಕ್ಕಿಕೊಂಡಿದೆ. ನೀರು ತುಂಬಿದ ಬಲೂನಿನಂತಿದ್ದು ಬಾಯಿ ಹುಳಿ ವಾಸನೆ ಬಂದರೆ ಒಳಗೆ ಹುದುಗಿದೆ. ಕಾಲು ಮೇಲೆ ಮಾಡಿ ಹಿಡಿದು ಕಕ್ಕಿಸುವುದನ್ನು ಕೆಲವರು ಹೇಳಿಕೊಡುತ್ತಾರೆ. ಅದು ಬೇಡವೇ ಬೇಡ. ಕಕ್ಕಿದ್ದು ಉಸಿರು ಕೊಳವೆಗೆ ಹೋದರೆ ನಿಮ್ಮ ಕೈಯಲ್ಲೇ ಸಾಯುತ್ತದೆ. ತಿನಿಸು ನಿಲ್ಲಿಸಿ, ನೀರು ಮಾತ್ರ ಇಟ್ಟು, ಚೀಲವನ್ನು ಹಗುರವಾಗಿ ಸವರಿ. ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.

ಮುಂದಿನದು ಬಾಲದ ಕೆಳಗೆ. ಪುಕ್ಕ ಬಿಡಿಸಿ ಟಾರ್ಚು ಬಿಡಿ. ಒಣಹುಲ್ಲಿನ ಬಣ್ಣದ ಹೇನು ಓಡುವುದು ಕಾಣುತ್ತದೆ. ಪುಕ್ಕದ ಬುಡದಲ್ಲಿ ಬಿಳಿ ಗಂಟು ಕಂಡರೆ ಅದು ಅದರ ಮೊಟ್ಟೆ. ಕೊನೆಗೆ ಕಾಲು. ಕಾಲಿನ ಹುರುಪೆ ಮೇಲಕ್ಕೆದ್ದು ಒರಟಾಗಿದ್ದರೆ ಅದರಡಿಯಲ್ಲಿ ನುಸಿ ಬಿಲ ತೋಡಿದೆ. ಹುರುಪೆ ಕೀಳಬೇಡಿ. ಕಾಲನ್ನು ತೊಳೆದು ಒರೆಸಿ ವ್ಯಾಸಲೀನ್ ದಪ್ಪಗೆ ಮೆತ್ತಿ, ನುಸಿ ಉಸಿರುಕಟ್ಟಿ ಸಾಯುತ್ತದೆ. ವಾರಗಟ್ಟಲೆ ಬಿಡದೆ ಮಾಡಬೇಕು. ಅಂಗಾಲಿನಲ್ಲಿ ಕಪ್ಪು ಹಕ್ಕಳೆ, ಸುತ್ತ ಊತ ಇದ್ದರೆ ಒಳಗೆ ಕೀವು ಗಟ್ಟಿಯಾಗಿ ಕೂತಿದೆ. ಎತ್ತರದಿಂದ ಗಟ್ಟಿ ನೆಲಕ್ಕೆ ಹಾರುವ ಕೋಳಿಗಳಿಗೆ ಇದು ಜಾಸ್ತಿ. ಅಡ್ಡಕೋಲನ್ನು ಕೆಳಗಿಳಿಸಿ, ಸಿಬಿರು ಇದ್ದರೆ ಉಜ್ಜಿ ನಯ ಮಾಡಿ.

ಹಿಕ್ಕೆ ನೋಡಲು ಕಲಿಯಿರಿ

ಕಂದು ಬಣ್ಣ, ಮೇಲೆ ಬಿಳಿ ಟೋಪಿ. ಇದು ಸರಿಯಾದ ಹಿಕ್ಕೆ. ದಿನಕ್ಕೆ ಕೆಲವು ಸಲ ಅಂಟಂಟಾದ, ಕಡುಕಂದು, ಮೂಗು ಮುಚ್ಚಿಕೊಳ್ಳುವಂಥದ್ದೂ ಬೀಳುತ್ತದೆ. ಅದೂ ಸರಿಯೇ, ಕುರುಡು ಕರುಳಿನಿಂದ ಬರುವುದು ಹಾಗೇ. ಹೊಸಬರು ಇದನ್ನು ಭೇದಿ ಅಂದುಕೊಂಡು ಸುಮ್ಮಸುಮ್ಮನೆ ಔಷಧಿ ಹಾಕುತ್ತಾರೆ.

ರಕ್ತ ಕಂಡರೆ, ಅದರಲ್ಲೂ ಮೂರರಿಂದ ಆರು ವಾರದ ಮರಿಗಳಲ್ಲಿ, ರಕ್ತಭೇದಿ ಅಂದುಕೊಳ್ಳಿ. ಕಾಕ್ಸಿಡಿಯಾ ಅನ್ನುವ ಪರೋಪಜೀವಿ ಕರುಳಿನ ಒಳಪದರವನ್ನು ಒಡೆಯುತ್ತದೆ. ಹಿಕ್ಕೆಯಲ್ಲಿ ಹೊರಬಂದ ಅದರ ತತ್ತಿ ಬೆಚ್ಚಗಿನ, ಒದ್ದೆ ಹಾಸಿನಲ್ಲಿ ಒಂದೆರಡು ದಿನಕ್ಕೆಲ್ಲ ಇನ್ನೊಂದು ಮರಿಗೆ ತಗಲಲು ತಯಾರು. ಅಂದರೆ ಮದ್ದು ಕೊಟ್ಟು ಹಾಸನ್ನು ಒದ್ದೆಯೇ ಬಿಟ್ಟರೆ ಏನೂ ಮಾಡಿದಂತಾಗಲಿಲ್ಲ. ಇದಕ್ಕೆ ಸಾಮಾನ್ಯವಾಗಿ ನೀರಿನಲ್ಲಿ ಕೊಡುವುದು ಆಂಪ್ರೋಲಿಯಂ. ಆಗ ಬಿ1 ವಿಟಮಿನ್ ಇರುವ ಟಾನಿಕ್ ಕೊಡಬೇಡಿ. ಆಂಪ್ರೋಲಿಯಂ ಕೆಲಸ ಮಾಡುವುದೇ ಆ ಪರೋಪಜೀವಿಗೆ ಬಿ1 ಸಿಗದ ಹಾಗೆ ತಡೆದು. ನೀವು ಮತ್ತೆ ಅದನ್ನೇ ಬಡಿಸಿದರೆ ಮದ್ದು ದಂಡ.

ಸಂಜೆ ಗೂಡಿಗೆ ಹೋಗಲ್ಲ ಅಂದರೆ

ಕೋಳಿ ಗೂಡಿನ ಬಾಗಿಲಲ್ಲೇ ನಿಂತು ಒಳಗೆ ಕಾಲಿಡದಿದ್ದರೆ ಹಟ ಅಂದುಕೊಳ್ಳಬೇಡಿ, ಒಳಗೆ ಕೆಂಪು ನುಸಿ ಇರಬಹುದು. ಹಗಲಿಡೀ ಮರದ ಸಂದಿಯಲ್ಲಿ ಅವಿತುಕೊಂಡು, ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಹಗಲು ಕೋಳಿಯ ಮೈ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕತ್ತಲಾದ ಮೇಲೆ ಬಿಳಿ ಬಟ್ಟೆಯಿಂದ ಅಡ್ಡಕೋಲಿನ ಅಡಿಭಾಗ ಒರೆಸಿ. ನಾವು ಆ ಹಿತ್ತಲ ಗೂಡಿನಲ್ಲಿ ಒರೆಸಿದಾಗ ಬಟ್ಟೆ ಮೇಲೆ ಕುಂಕುಮ ಎಳೆದಂತೆ ಗೆರೆ ಬಿತ್ತು. ಬಿಳುಚಿದ ಜುಟ್ಟಿಗೆ ಕಾರಣ ಅಲ್ಲೇ ಸಿಕ್ಕಿತು.

ಖಾಲಿ ಗೂಡಿನಲ್ಲೂ ಇದು ತಿಂಗಳುಗಟ್ಟಲೆ ರಕ್ತವಿಲ್ಲದೆ ಬದುಕುತ್ತದೆ. ಹಾಸು ತೆಗೆದು ಸುಟ್ಟು, ಸಂದಿಗಳನ್ನು ಕೆರೆದು, ಬಿಸಿನೀರಿನಲ್ಲಿ ಉಜ್ಜಿ, ಒಣಗಿಸಿ, ವೈದ್ಯರು ಹೇಳಿದ ಮದ್ದು ಹೊಡೆಯಿರಿ. ಸೆಕೆಗಾಲದಲ್ಲಿ ಹೊಸ ಪೀಳಿಗೆಗೆ ಒಂದು ವಾರ ಸಾಕು, ಹಾಗಾಗಿ ವಾರದ ಮೇಲೆ ಮತ್ತೊಮ್ಮೆ ಹೊಡೆಯಲೇಬೇಕು. ಮದ್ದಿನ ಡಬ್ಬಿ ಮೇಲೆ ಪರ್ಮೆಥ್ರಿನ್ ಅಂತ ಇದ್ದರೆ ಬೆಕ್ಕನ್ನು ಆ ಕಡೆ ಸುಳಿಯಲು ಬಿಡಬೇಡಿ. ಕೋಳಿಗೆ ಹೊಂದುವ ಈ ಮದ್ದು ಬೆಕ್ಕಿಗೆ ವಿಷ.

ಯಾವಾಗ ಕೈ ಕಟ್ಟಿ ವೈದ್ಯರಿಗೆ ಹೇಳಬೇಕು

ಬಾಲ ಕೆಳಗೆ ಮಾಡಿ, ನೆಟ್ಟಗೆ ನಿಂತು ತಿಣುಕುವ ಹೇಂಟೆಗೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಂತೆ 15-20 ನಿಮಿಷ ಕೂರಿಸಿ, ಒರೆಸಿ, ಕತ್ತಲೆಯಲ್ಲಿ ಬಿಡಿ. ಹೊಟ್ಟೆ ಒತ್ತಬೇಡಿ, ಒಳಗೆ ಒಡೆದರೆ ಕಷ್ಟ. ಒಂದು ದಿನದೊಳಗೆ ಬರದಿದ್ದರೆ ಕಾಯಬೇಡಿ.

ಮುಖ, ಜುಟ್ಟಿನ ಮೇಲೆ ಕಪ್ಪು ಹಕ್ಕಳೆ ಎದ್ದರೆ ಕೋಳಿ ಸಿಡುಬು. ಸೊಳ್ಳೆ ಹರಡುವ ರೋಗ ಇದು. ಕೀಳದೆ ಬಿಟ್ಟರೆ ಮೂರು ನಾಲ್ಕು ವಾರದಲ್ಲಿ ಉದುರುತ್ತದೆ. ಬಾಯೊಳಗೆ ಹಳದಿ ಪೊರೆ ಕಟ್ಟಿದರೆ ಮಾತ್ರ ಉಸಿರಿಗೆ ಅಪಾಯ.

ಹಸಿರು ನೀರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು, ಒಂದರ ಹಿಂದೆ ಒಂದು ಸಾವು. ಇದು ಕೊಕ್ಕರೆ ರೋಗ ಇರಬಹುದು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿಕೊಂಡಿದ್ದಕ್ಕೆ ಹೊರದೇಶದಲ್ಲಿ ಇದಕ್ಕೆ ಆ ಊರಿನ ಹೆಸರು, ಭಾರತದಲ್ಲಿ ರಾಣಿಖೇತ್. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಲಸಿಕೆ ಇದೆ. ಹಕ್ಕಿಜ್ವರವೂ ಹೀಗೇ ಕಾಣುತ್ತದೆ, ನೋಡಿ ಬೇರೆ ಮಾಡಲು ಆಗುವುದಿಲ್ಲ. ಹಾಗಾಗಿ ಒಟ್ಟೊಟ್ಟಿಗೆ ಸಾಯತೊಡಗಿದರೆ ಕೊಯ್ದು ನೋಡುವುದು, ತಿನ್ನುವುದು, ಉಳಿದವನ್ನು ಮಾರುವುದು ಯಾವುದೂ ಬೇಡ. ಪಶುವೈದ್ಯ ಇಲಾಖೆಗೆ ತಿಳಿಸಿ.

ಯಾರದೋ ಮಾತು ಕೇಳಿ ಆಂಟಿಬಯಾಟಿಕ್ ಹಾಕುವವರೇ ಜಾಸ್ತಿ. ವೈರಸ್ಸಿಗೆ, ನುಸಿಗೆ, ಸಿಕ್ಕಿಕೊಂಡ ಮೊಟ್ಟೆಗೆ ಅದು ಏನೂ ಮಾಡುವುದಿಲ್ಲ. ಯಾವುದೇ ಮದ್ದು ಬರೆಸಿಕೊಂಡಾಗ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿಕೊಳ್ಳಿ. ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆರೋಗ್ಯವಾಗಿರುವ ಕೋಳಿಯಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಗುಂಪಿಗೆ ಸೇರಿಸುವುದು

ಮೂವತ್ತು ದಿನ ಕಳೆದ ಮೇಲೆ ಒಂದು ವಾರ ನಡುವೆ ಬರೀ ಜಾಲರಿ ಇರಲಿ. ಒಂದನ್ನೊಂದು ನೋಡಲಿ, ಕುಕ್ಕಲು ಸಿಗದಿರಲಿ. ಆಮೇಲೆ ಒಂದು ರಾತ್ರಿ ಹೊಸದನ್ನು ಅಡ್ಡಕೋಲಿನ ಮೇಲೆ ಕೂರಿಸಿಬಿಡಿ. ಬೆಳಿಗ್ಗೆ ತಿನಿಸು, ನೀರು ಎರಡೆರಡು ಕಡೆ ಇಡಿ. ಜಗಳ ಆಗಿಯೇ ಆಗುತ್ತದೆ. ರಕ್ತ ಬಂದ ಕೋಳಿಯನ್ನು ಮಾತ್ರ ತಕ್ಷಣ ಎತ್ತಿಕೊಳ್ಳಿ, ಕೆಂಪು ಕಂಡರೆ ಉಳಿದವು ಬಿಡುವುದಿಲ್ಲ.

ನಮ್ಮ ನಾಲ್ಕರಲ್ಲಿ ಒಂದು ಎರಡನೇ ವಾರ ಹೋಯಿತು. ಮೂರು ಉಳಿದವು. ಬರೀ ಪುಕ್ಕದಂತಿದ್ದ ಆ ಹೇಂಟೆ ಇಪ್ಪತ್ತನೇ ದಿನದ ಹೊತ್ತಿಗೆ ಮಣ್ಣಿನಲ್ಲಿ ಹೊರಳಾಡಿ ಧೂಳುಸ್ನಾನ ಮಾಡಿತು. ಈಗ ನೀರಿನ ಬಟ್ಟಲ ಹತ್ತಿರ ನಮ್ಮ ಹಳೆಯ ಹುಂಜವನ್ನೂ ಬಿಟ್ಟುಕೊಳ್ಳುವುದಿಲ್ಲ.