ಚಟ್ನಿಪುಡಿ ಪ್ಯಾಕೆಟ್‌ಗೆ ಬಾರ್‌ಕೋಡ್ ಹಾಕಿಸುವ ಮುಂಚೆ

ಮನೆಯಲ್ಲಿ ಚಟ್ನಿಪುಡಿ, ಹಪ್ಪಳ ಮಾಡಿ ಅಂಗಡಿಗೆ ಕೊಡುವವರಿಗೆ ಒಂದು ಮಾತು. ಬಾರ್‌ಕೋಡ್ ನಂಬರನ್ನು ಸುಮ್ನೆ ನಾವೇ ಕಟ್ಟಿಕೊಳ್ಳುವ ಹಾಗಿಲ್ಲ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ಜಿಎಸ್‌1 ಇಂಡಿಯಾ ಅನ್ನೋ ಸಂಸ್ಥೆ. ಅಲ್ಲಿ ನೋಂದಾಯಿಸಿದರೆ 890ರಿಂದ ಶುರುವಾಗುವ ನಂಬರ್ ಸಿಗುತ್ತದೆ. 890 ಇದ್ದರೆ ಮಾಲು ಇಲ್ಲೇ ತಯಾರಾಗಿದೆ ಅಂತ ತುಂಬಾ ಜನ ನಂಬಿದ್ದಾರೆ, ಅದು ತಪ್ಪು. ನಂಬರ್ ಪಡೆದದ್ದು ಇಲ್ಲಿ ಅಂತಷ್ಟೇ ಅರ್ಥ.

ಒಟ್ಟು 13 ಅಂಕಿ. ಮೊದಲ ಭಾಗ ಕಂಪನಿಯದು, ಆಮೇಲಿನದು ನೀವು ಆ ಪದಾರ್ಥಕ್ಕೆ ಕೊಡುವುದು. ಇಲ್ಲೇ ಜಾಸ್ತಿ ಎಡವಟ್ಟಾಗುವುದು: 200 ಗ್ರಾಂಗೆ ಒಂದು ನಂಬರ್, 500 ಗ್ರಾಂಗೆ ಬೇರೆ ನಂಬರ್ ಬೇಕು. ಶೇಂಗಾ ಪುಡಿ, ಅಗಸೆ ಪುಡಿ ಎರಡಕ್ಕೂ ಒಂದೇ ಹಾಕಿದರೆ ಬಿಲ್ ತಪ್ಪುತ್ತದೆ, ಅಲ್ವಾ?

ಕೊನೆಯ ಅಂಕಿ ತಾಳೆ ನೋಡಲು. ಉದಾಹರಣೆಗೆ ಮೊದಲ 12 ಅಂಕಿ 890123456789 ಅಂತ ತಗೊಳ್ಳಿ. ಎಡದಿಂದ 1, 3, 5ನೇ ಹೀಗೆ ಬೆಸ ಸ್ಥಾನದ ಅಂಕಿಗಳ ಮೊತ್ತ 28. ಸಮ ಸ್ಥಾನದವು 34, ಅದರ ಮೂರು ಪಟ್ಟು 102. ಕೂಡಿದರೆ 130. ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಬೇಕೋ ಅದೇ ಕೊನೆಯ ಅಂಕಿ. ಇಲ್ಲಿ ಏನೂ ಬೇಡ, ಹಾಗಾಗಿ 0. ಸಾವಿರಾರು ಲೇಬಲ್ ಪ್ರಿಂಟ್‌ಗೆ ಕೊಡುವ ಮುಂಚೆ ಒಮ್ಮೆ ಹೀಗೆ ಲೆಕ್ಕ ಹಾಕಿ ನೋಡಿ.