ತಕಿಟ, ತಕಧಿಮಿ ಹೇಳಿಕೊಂಡು ಶೋಪಾನ್ ಕಲಿತದ್ದು: ನನ್ನ ಅನುಭವ

ಪಾಶ್ಚಾತ್ಯ ಸಂಗೀತದ ಶೋಪಾನ್ ಪಿಯಾನೋಗೆ ಬರೆದ ಫ್ಯಾಂಟೇಸಿ ಇಂಪ್ರಾಂಪ್ಟು ಕೊನೆಗೂ ಕೈಗೆ ಕೂತಿದೆ. ಒಂದೇ ಎಣಿಕೆಯಲ್ಲಿ ಬಲಗೈಗೆ ನಾಲ್ಕು ಸ್ವರ, ಎಡಗೈಗೆ ಮೂರು, ಅದೂ ಓಡುವ ವೇಗದಲ್ಲಿ. ಮೃದಂಗದ ಸೊಲ್ಲು (ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ ಅಂತ ಬಾಯಲ್ಲಿ ಹೇಳುವುದು) ಹೇಳಿಕೊಂಡು ಇದನ್ನು ಕಲಿಯುತ್ತೇನೆ ಅಂದಾಗ ನಮ್ಮ ಪಿಯಾನೋ ಮೇಡಂ "ಅದು ಬೇರೆ, ಇದು ಬೇರೆ, ಎರಡನ್ನೂ ಕಲಸಬೇಡಿ" ಅಂದರು. ಜೊತೆಗೆ ಕಲಿಯುತ್ತಿದ್ದವರೂ ಅದನ್ನೇ ಹೇಳಿದರು. ಈಗ ಅವರಲ್ಲೇ ಇಬ್ಬರು ನನ್ನ ಹತ್ತಿರ ಸೊಲ್ಲು ಹೇಳಿಸಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. 61 ಕೀಗಳ ಹಗುರ ಕೀಬೋರ್ಡ್‌ನಲ್ಲಿ ಇದು ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಒಂದಕ್ಕೆ ಹತ್ತು ಸಾವಿರದ ಹತ್ತಿರ ಕೊಟ್ಟಿದ್ದೆ, ವರ್ಷವೇ ಹೋಯಿತು, ಬೆರಳಿಗೆ ಬಲ ಬರಲಿಲ್ಲ. ಆಮೇಲೆ 88 ಕೀಗಳ, ಕೀಗೆ ತೂಕ ಇರುವ ಡಿಜಿಟಲ್ ಪಿಯಾನೋ ತಗೊಂಡೆ. ಸ್ಟ್ಯಾಂಡ್ ಎಲ್ಲ ಸೇರಿ ಐವತ್ತು ಸಾವಿರದ ಆಸುಪಾಸು. ಅದರ ಜೊತೆ ಬಂದ ಪೆಡಲ್ ಟೈಲ್ಸ್ ಮೇಲೆ ಜಾರುತ್ತಲೇ ಇತ್ತು, ಭಾರದ್ದು ಇನ್ನೊಂದು ಕೊಳ್ಳಲು ಮತ್ತೆ ಮೂರು ಸಾವಿರ. ಕ್ಲಾಸಿಗೆ ಸಲಕ್ಕೆ ಏಳುನೂರೋ ಎಂಟುನೂರೋ. ಸ್ವರಲಿಪಿಯ ಪುಸ್ತಕಕ್ಕೆ ಮಾತ್ರ ಖರ್ಚಿಲ್ಲ. 1834ರಲ್ಲಿ ಬರೆದದ್ದನ್ನು ಶೋಪಾನ್ ಬದುಕಿರುವಾಗ ಅಚ್ಚಿಗೆ ಕೊಡಲೇ ಇಲ್ಲ, ಅವನು ಹೋದ ಮೇಲೆ 1855ರಲ್ಲಿ ಗೆಳೆಯ ಫೊಂಟಾನಾ ಅಚ್ಚು ಹಾಕಿಸಿದ. ಆ ಹಳೇ ಪ್ರತಿ ಐಎಂಎಸ್‌ಎಲ್‌ಪಿ ಅನ್ನುವ ಸ್ವರಲಿಪಿಗಳ ವೆಬ್‌ಸೈಟಲ್ಲಿ ಸಿಗುತ್ತದೆ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಆಯಿತು.

ಎಲ್ಲರೂ ಹೇಳುವ ದಾರಿಗಳನ್ನೆಲ್ಲ ನೋಡಿದೆ. ಎರಡು ಕೈಯನ್ನೂ ಬೇರೆ ಬೇರೆ ಪೂರ್ತಿ ವೇಗಕ್ಕೆ ತಂದು ಆಮೇಲೆ ಸೇರಿಸಿ ಅಂತಾರೆ. ಸೇರಿಸಿದ ತಕ್ಷಣ ಎಡಗೈ ಬಲಗೈ ಹಿಂದೆ ಓಡುತ್ತದೆ, ಮೂರು ಸ್ವರ ಕುಂಟುತ್ತವೆ. ಇನ್ನೊಂದು, ಒಂದು ಎಣಿಕೆಯನ್ನು ಹನ್ನೆರಡು ಭಾಗ ಮಾಡಿ ಬಲಗೈಯನ್ನು 1, 4, 7, 10ಕ್ಕೂ ಎಡಗೈಯನ್ನು 1, 5, 9ಕ್ಕೂ ಕೂರಿಸುವುದು. ಲೆಕ್ಕ ಸರಿಯಾಗಿದೆ, ನಿಧಾನಕ್ಕೆ ಚೆನ್ನಾಗೇ ಬರುತ್ತದೆ. ತಾಳ ತಟ್ಟುವ ಮೆಟ್ರೋನೋಮ್ ನಿಮಿಷಕ್ಕೆ 80 ಎಣಿಕೆ ದಾಟಿದರೆ ಮಾತ್ರ ಎಲ್ಲ ಎಡವುತ್ತದೆ, ಯಾಕೆಂದರೆ ಆ ವೇಗದಲ್ಲಿ ಹನ್ನೆರಡನ್ನು ಯಾರ ತಲೆಯೂ ಎಣಿಸುವುದಿಲ್ಲ. ಒಂದೊಂದು ಕೈಯೂ ತನ್ನಷ್ಟಕ್ಕೆ ಸಮವಾಗಿ ಹರಿಯಬೇಕು, ಎಣಿಕೆಯ ಮೊದಲಲ್ಲಿ ಮಾತ್ರ ಸೇರಬೇಕು. ತಾಳ ಹಾಗೇ ಇಟ್ಟು ಎಣಿಕೆಯ ಒಳಗಿನ ಭಾಗ ಬದಲಿಸುವ ನಮ್ಮ ನಡೆಭೇದದ ಅಭ್ಯಾಸ ಇದೇ ಅಲ್ವಾ?

ಮಾಡಿದ್ದು ಹೀಗೆ. ಎಡಗಾಲಲ್ಲಿ ತಾಳ, ಬಲಗಾಲು ಪೆಡಲ್‌ಗೆ ಬೇಕು. ತಾಳ ಬದಲಿಸದೆ ಎಂಟು ಎಣಿಕೆ ತಕಧಿಮಿ, ಎಂಟು ಎಣಿಕೆ ತಕಿಟ. ಅದು ನಿಂತ ಮೇಲೆ ಎಡಗೈ ತಕಿಟ ನುಡಿಸಬೇಕು, ಬಾಯಿ ತಕಧಿಮಿ ಹೇಳಬೇಕು. ಇಲ್ಲೇ ವಾರಗಟ್ಟಲೆ ಇರಿ. ಬಲಗೈ ಮುಟ್ಟಲೇಬೇಡಿ. ಬಾಯಿ ಕೈ ಎರಡೂ ಒಂದಕ್ಕೊಂದು ಎಳೆಯದೆ ಓಡುವ ದಿನ ಬಲಗೈಯನ್ನು ಬಾಯಿಯ ಜೊತೆ ಬಿಟ್ಟರೆ ಸಾಕು, ಅದಾಗೇ ಕೂರುತ್ತದೆ. ಶುರುವಿನಲ್ಲಿ ಬಲಗೈಯ ಮೊದಲ ಸ್ವರ ಇಲ್ಲ, ಅಲ್ಲಿ ಬಿಡುವು. ಅಂದರೆ ಸಮ (ತಾಳದ ಮೊದಲ ಪೆಟ್ಟು) ಎಡಗೈಯದು, ಬಲಗೈದು ಅನಾಗತ ಎಡುಪು, ಪೆಟ್ಟಾದ ಮೇಲೆ ಹೊರಡುವುದು. "ತ" ನುಂಗಿಕೊಂಡು "ಕಧಿಮಿ" ಇಂದ ಹೊರಡಬೇಕು. ಪಿಯಾನೋದವರು ಸಾಮಾನ್ಯವಾಗಿ ತಪ್ಪುವುದು ಇಲ್ಲೇ, ನನಗೆ ಇದು ಒಂದೇ ಸಂಜೆಯಲ್ಲಿ ಬಂತು. ಸೊಲ್ಲು ರೆಕಾರ್ಡ್ ಮಾಡಿ ಇಯರ್‌ಫೋನ್‌ನಲ್ಲಿ ಕೇಳಿಕೊಂಡೂ ನುಡಿಸಿ ನೋಡಿದೆ. ಪ್ರಯೋಜನ ಇಲ್ಲ, ಬಾಯಲ್ಲೇ ಹೇಳಬೇಕು.

ನೇರ ಇದಕ್ಕೇ ಕೈ ಹಾಕಬೇಡಿ. ಡೆಬ್ಯುಸಿಯ ಮೊದಲನೇ ಅರಬೆಸ್ಕ್ ಮೊದಲು, ಅಲ್ಲಿ ಮೂರಕ್ಕೆ ಎರಡು. ಆಮೇಲೆ ಶೋಪಾನ್ 1839ರಲ್ಲಿ ಬರೆದ ಮೂರು ಹೊಸ ಎಟ್ಯೂಡ್‌ಗಳಲ್ಲಿ (ಅಭ್ಯಾಸದ ಕೃತಿಗಳು) ಎಫ್ ಮೈನರ್‌ನದು. ಅದರಲ್ಲಿ ಬಲಗೈಗೆ ಮೂರು, ಎಡಗೈಗೆ ನಾಲ್ಕು, ಸರಿಯಾಗಿ ಉಲ್ಟಾ. ವೇಗ ಬೇಕಿಲ್ಲ, ಸೊಗಸು ಮಾತ್ರ ಅಪಾರ. ಇಂಥದ್ದನ್ನು ನುಡಿಸುವವರು ಯಾಕೆ ಇಷ್ಟು ಕಡಿಮೆಯೋ ನನಗೆ ಅರ್ಥವಾಗಿಲ್ಲ.

ಇದೇ ಹುರುಪಲ್ಲಿ ಶೋಪಾನ್‌ನ ಓಪಸ್ (ಕೃತಿ ಸಂಖ್ಯೆ) 9ರ ಮೊದಲ ನಾಕ್ಟರ್ನ್‌ಗೂ ಸೊಲ್ಲು ಹಚ್ಚಲು ಹೋದೆ. ಅಲ್ಲಿ ಎಡಗೈಯ ಆರಕ್ಕೆ ಬಲಗೈಯ ಹನ್ನೊಂದು, ಮುಂದೆ ಹನ್ನೆರಡಕ್ಕೆ ಇಪ್ಪತ್ತೆರಡು. ಆರೂ ಐದೂ ಸೇರಿಸಿ ಕೂರಿಸಿದರೆ ಲೆಕ್ಕ ಕೇಳಿಸುತ್ತದೆ, ಹಾಡು ಕೇಳಿಸುವುದಿಲ್ಲ. ಅಲ್ಲಿ ಸೊಲ್ಲು ಬಿಟ್ಟುಬಿಡಿ, ಗಾಯಕರು ಸಂಗತಿ ಹಾಕುವಂತೆ ಎಳೆದು ಬಿಡಬೇಕು.

ಇಂಪ್ರಾಂಪ್ಟುವಿನ ನಡುವಿನ ಡಿ ಫ್ಲಾಟ್ ಭಾಗ ಸುಲಭ ಅಂತ ಓಡಿಸಿಬಿಡುತ್ತಾರೆ. ನನಗಂತೂ ಇಡೀ ಕೃತಿಯಲ್ಲಿ ಪ್ರಾಣ ಇರುವುದೇ ಅಲ್ಲಿ. ಕೊನೆಯಲ್ಲಿ ಅದೇ ರಾಗವನ್ನು ಎಡಗೈ ಕೆಳಗೆ ಹಾಡುತ್ತದೆ, ಬಲಗೈ ಮೇಲೆ ಸಣ್ಣಗೆ ಓಡುತ್ತಿರುತ್ತದೆ, ಆಗ ಸುಮ್ನೆ ಎಡಗೈಯನ್ನೇ ಕೇಳಿಸಿಕೊಳ್ಳಿ. ಮೊದಲ ಭಾಗದಲ್ಲಿ ಬಿಳಿ ಕಪ್ಪು ಕೀ ಒಂದನ್ನೂ ಬಿಡದೆ ಇಳಿಯುವ ಕ್ರೋಮ್ಯಾಟಿಕ್ ಓಟಕ್ಕೆ ನಾನೇ ಕಂಡುಕೊಂಡ ಬೆರಳಿನ ಜೋಡಣೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಎಷ್ಟೋ ಪ್ರತಿಗಳಲ್ಲಿ ವೇಗ ಮಿನಿಮ್‌ಗೆ (ಅಂದರೆ ಎರಡೆರಡು ಎಣಿಕೆಗೆ ಒಂದು ಪೆಟ್ಟು) 84 ಅಂತ ಇದೆ. ನನ್ನದು 72ರ ಹತ್ತಿರ ನಿಂತಿದೆ, ಆದರೆ ಒಂದು ಸ್ವರವೂ ಕುಂಟುವುದಿಲ್ಲ. ಮುಂದೆ ರಷ್ಯಾದ ಸಂಯೋಜಕ ಮೆಡ್ಟ್ನರ್. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ದುಡ್ಡು ಕೊಟ್ಟು ಇವನ ಸಂಗೀತವನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದರು, ಇವನು ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಅವರಿಗೇ ಅರ್ಪಿಸಿದ. ಕಾನ್ಸರ್ಟೋ ನನ್ನ ಕೈಗೆ ಎಟುಕುವಂಥದ್ದಲ್ಲ, ಸ್ಕಾಜ್ಕಿ ಅನ್ನುವ ಚಿಕ್ಕ ಕೃತಿಗಳಿವೆ, ಓಪಸ್ 20ರ ಮೊದಲನೆಯದನ್ನು ಶುರು ಮಾಡಿದ್ದೇನೆ.